ಮೇ ತಿಂಗಳು, ಒಂದು ಟೇಪು, ಎರಡು ಮನೆ

ಹತ್ತನೆಯ ಪರೀಕ್ಷೆ ಮುಗಿದು ಫಲಿತಾಂಶ ಬರುವ ತನಕ ಮುಂಬಯಿಯ ಮನೆಗಳಲ್ಲಿ ಚರ್ಚೆಗೆ ಬಿಡುವಿರುವುದಿಲ್ಲ. ಚೆನ್ನಾಗಿ ಚಿತ್ರ ಬಿಡಿಸುವ, ರಟ್ಟಿನ ಪೆಟ್ಟಿಗೆ ಕತ್ತರಿಸಿ ಏನಾದರೊಂದು ಕಟ್ಟುತ್ತಲೇ ಇರುವ ಮಗುವಿದ್ದರೆ ನೆಂಟರಲ್ಲಿ ಒಬ್ಬರಾದರೂ ‘ಆರ್ಕಿಟೆಕ್ಚರ್ ಓದಿಸಿ’ ಅನ್ನುತ್ತಾರೆ. ಮರುದಿನದಿಂದ ಫೋನಿನ ತುಂಬ ಸಮ್ಮರ್ ಕೋರ್ಸುಗಳ ಜಾಹೀರಾತು. ಹತ್ತು ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು, ಕೊನೆಗೊಂದು ಸರ್ಟಿಫಿಕೇಟ್. ಸೇರಿಸಬೇಕೆ, ಬೇಡವೆ, ಸೇರಿಸುವುದಾದರೆ ಏನು ನೋಡಿ ಸೇರಿಸಬೇಕು ಎಂದು ಕೇಳುವ ತಂದೆತಾಯಂದಿರಿಗೆ ಈ ಲೇಖನ. ಅವರಿಗಿಂತ ಹೆಚ್ಚಾಗಿ, ಎಂಟರಿಂದ ಹನ್ನೆರಡನೆಯ ತರಗತಿಯ ಒಳಗಿರುವ ಮಕ್ಕಳಿಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಕಟ್ಟಡದ ವಿದ್ಯೆಯನ್ನು ಹತ್ತಿರದಿಂದ ನೋಡಬೇಕಾದರೆ ಅಳೆಯಲು ಕಲಿಯಬೇಕು, ಅಳೆದದ್ದನ್ನು ಕಾಗದದ ಮೇಲೆ ಇಳಿಸಲು ಕಲಿಯಬೇಕು. ಕಂಪ್ಯೂಟರಿನ ಮೂರು ಆಯಾಮದ ಚಿತ್ರಗಳನ್ನು ಕಾಲೇಜು ಹೇಗೂ ಕಲಿಸುತ್ತದೆ. ಮುಂಬಯಿಯ ಕನ್ನಡ ಮಕ್ಕಳಿಗಂತೂ ಇದಕ್ಕೊಂದು ದೊಡ್ಡ ಅನುಕೂಲವಿದೆ. ಅವರಿಗೆ ಎರಡು ಮನೆ: ಇಲ್ಲಿಯ ಫ್ಲ್ಯಾಟು ಅಥವಾ ಚಾಳಿನ ಖೋಲಿ ಒಂದು, ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹೋಗುವ ಊರಿನ ಮನೆ ಇನ್ನೊಂದು. ಎರಡನ್ನೂ ಅಳೆದು, ಒಂದೇ ಸ್ಕೇಲಿನಲ್ಲಿ ಬರೆದು, ಪಕ್ಕಪಕ್ಕದಲ್ಲಿಟ್ಟ ಮಗುವಿಗೆ ಆರ್ಕಿಟೆಕ್ಚರ್ ತನಗೆ ಹಿಡಿಸುತ್ತದೆಯೇ ಇಲ್ಲವೇ ಎಂಬುದು ಯಾವ ಕೌನ್ಸೆಲರ್ ಹೇಳುವುದಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಮೊದಲು ಟೇಪು ಕೊಳ್ಳಿ

ಬೇಕಾದ ಸಾಮಾನು ಹೆಚ್ಚಿಲ್ಲ. ಐದು ಮೀಟರಿನ ಸ್ಟೀಲ್ ಟೇಪು, ಒಂದು ಬದಿ ಅಡಿ-ಇಂಚು, ಇನ್ನೊಂದು ಬದಿ ಸೆಂಟಿಮೀಟರ್ ಇರುವಂಥದು. ಎ-3 ಅಳತೆಯ ಚಿತ್ರದ ಪುಸ್ತಕ, ಎಚ್‌ಬಿ, 2ಬಿ ಮತ್ತು 4ಬಿ ಪೆನ್ಸಿಲು, ಒಂದು ಉದ್ದನೆಯ ಸ್ಕೇಲು, ಜೋಡಿ ಸೆಟ್‌ಸ್ಕ್ವೇರು, ಕೆಲವು ಹಾಳೆ ಟ್ರೇಸಿಂಗ್ ಪೇಪರು, ಮಾಡೆಲ್ ಮಾಡಲು ಮೌಂಟ್ ಬೋರ್ಡು, ಕಟ್ಟರು, ಫೆವಿಕಾಲ್. ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಇವೆಲ್ಲ ಸಗಟು ದರಕ್ಕೆ ಸಿಗುತ್ತವೆ. ದುಬಾರಿ ಡ್ರಾಫ್ಟಿಂಗ್ ಟೇಬಲ್ಲಿನ ಆಸೆ ಈಗ ಬೇಡ. ಊಟದ ಮೇಜು ಸಾಕು, ಮೇಜಿಲ್ಲದಿದ್ದರೆ ನೆಲದ ಮೇಲೊಂದು ಪ್ಲೈವುಡ್ ಹಲಗೆ ಹಾಕಿಕೊಂಡರಾಯಿತು.

ಈಗ ಮನೆಯ ಒಂದು ಕೋಣೆಯಿಂದ ಶುರು ಮಾಡಿ. ಮೊದಲು ಅಳತೆಯಿಲ್ಲದೆ, ಕೋಣೆಯನ್ನು ಮೇಲಿನಿಂದ ನೋಡಿದರೆ ಹೇಗಿರುತ್ತದೋ ಹಾಗೆ ಕೈಯಲ್ಲೇ ಗೆರೆ ಎಳೆದುಕೊಳ್ಳಿ. ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿ ಎಲ್ಲಿದೆ, ಕಂಬ ಎಷ್ಟು ಒಳಕ್ಕೆ ಚಾಚಿದೆ, ಎಲ್ಲವೂ ಅದರಲ್ಲಿ ಬರಲಿ. ಆಮೇಲೆ ಒಬ್ಬರು ಟೇಪಿನ ತುದಿ ಹಿಡಿದು ಇನ್ನೊಬ್ಬರು ಓದಿ ಬರೆದುಕೊಳ್ಳಿ. ತಮ್ಮನೋ ಅಜ್ಜಿಯೋ ತುದಿ ಹಿಡಿದರೆ ಸಾಕು. ನಾಲ್ಕು ಗೋಡೆಗಳ ಉದ್ದ ಸಿಕ್ಕಿದ ಮೇಲೆ ಎರಡು ಕರ್ಣಗಳನ್ನೂ ಅಳೆಯುವುದನ್ನು ಮರೆಯಬೇಡಿ. 10 ಅಡಿಗೆ 16 ಅಡಿಯ ಕೋಣೆಯ ಮೂಲೆಗಳು ನಿಜವಾಗಿ ಲಂಬಕೋನವಾಗಿದ್ದರೆ ಎರಡು ಕರ್ಣಗಳೂ ಸುಮಾರು 18 ಅಡಿ 10 ಇಂಚು ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂತೆಂದರೆ ಕೋಣೆ ಓರೆಯಾಗಿದೆ ಎಂದು ಅರ್ಥ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಇದು ತೀರ ಸಾಮಾನ್ಯ. ಗಣಿತದ ಪುಸ್ತಕದ ಪೈಥಾಗೊರಸ್ ಪ್ರಮೇಯ ತಮ್ಮ ಮನೆಯ ಗೋಡೆಯ ಮೇಲೆ ಕೆಲಸ ಮಾಡುವುದನ್ನು ಕಂಡ ಮಕ್ಕಳು ಅದನ್ನು ಮತ್ತೆ ಮರೆಯುವುದಿಲ್ಲ.

ಬರೆಯುವಾಗ ಸ್ಕೇಲ್ 1:50 ಇಟ್ಟುಕೊಳ್ಳಿ. ಅಂದರೆ ನಿಜದಲ್ಲಿ ಒಂದು ಮೀಟರ್ ಇರುವುದು ಕಾಗದದ ಮೇಲೆ ಎರಡು ಸೆಂಟಿಮೀಟರ್. ಅದೇ 10 x 16 ಅಡಿಯ ಕೋಣೆ ಹಾಳೆಯಲ್ಲಿ ಸುಮಾರು 6.1 x 9.8 ಸೆಂ.ಮೀ. ಆಗುತ್ತದೆ. ಇಡೀ ಫ್ಲ್ಯಾಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಅಡುಗೆಮನೆಯನ್ನು ಮಾತ್ರ 1:20ರಲ್ಲಿ ಬರೆದರೆ ಪಾತ್ರೆಯ ಸ್ಟ್ಯಾಂಡು, ಗ್ಯಾಸ್ ಸಿಲಿಂಡರು, ನೀರಿನ ಡ್ರಮ್ಮು ಎಲ್ಲವನ್ನೂ ತೋರಿಸಬಹುದು. ಪ್ಲಾನ್ ಆದ ಮೇಲೆ ಸೆಕ್ಷನ್. ಕೋಣೆಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದಂತೆ ಬರೆಯುವುದು. ಮಕ್ಕಳಿಗೆ ಕಷ್ಟವಾಗುವುದು ಇದೇ, ಕಲಿಯಬೇಕಾದ್ದೂ ಇದೇ. ತಾರಸಿಯ ಎತ್ತರ, ಕಿಟಕಿಯ ಕೆಳಅಂಚು ನೆಲದಿಂದ ಎಷ್ಟು ಮೇಲಿದೆ, ಫ್ಯಾನು ಎಷ್ಟು ಕೆಳಗೆ ತೂಗುತ್ತದೆ, ಅಟ್ಟದ ಮೇಲೆ ಟ್ರಂಕು ಇಟ್ಟರೆ ಉಳಿಯುವುದೆಷ್ಟು ಎಂಬುದೆಲ್ಲ ಸೆಕ್ಷನ್ನಿನಲ್ಲಿ ಮಾತ್ರ ಕಾಣುತ್ತದೆ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು, ಸ್ಕೇಲು, ಉತ್ತರ ದಿಕ್ಕಿನ ಬಾಣ ಕಡ್ಡಾಯ. ಈ ಮೂರೂ ಇಲ್ಲದ ಹಾಳೆಯನ್ನು ಕಾಲೇಜಿನಲ್ಲಿ ಮೇಷ್ಟರು ನೋಡುವುದೇ ಇಲ್ಲ.

ಚಾಳಿನಲ್ಲಿರುವವರು ತಮ್ಮ ಮನೆಯಲ್ಲಿ ಅಳೆಯಲು ಏನಿದೆ ಎಂದು ಸಂಕೋಚಪಡಬೇಕಾಗಿಲ್ಲ. ವರ್ಳಿ, ನಾಯ್‌ಗಾಂವ್, ಎನ್.ಎಂ. ಜೋಶಿ ಮಾರ್ಗಗಳ ಬಿಡಿಡಿ ಚಾಳುಗಳನ್ನು 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿತು. ಅಲ್ಲಿ ಒಂದು ಖೋಲಿ 160 ಚದರ ಅಡಿ. ಆ ಅಳತೆಯೊಳಗೆ ಆರೇಳು ಮಂದಿಯ ಸಂಸಾರ ಮಲಗಿ, ಅಡುಗೆ ಮಾಡಿ, ಮಕ್ಕಳನ್ನು ಓದಿಸಿದ್ದು ಹೇಗೆ? ಹೊರಗಿನ ಉದ್ದನೆಯ ಗ್ಯಾಲರಿ ಮನೆಯ ಎಷ್ಟು ಕೆಲಸವನ್ನು ಹೊತ್ತುಕೊಂಡಿತು? ಇಂಥ ಪ್ರಶ್ನೆಗಳಿಗೆ ವಿದೇಶಗಳಿಂದಲೂ ಸಂಶೋಧಕರು ಬಂದು ಉತ್ತರ ಹುಡುಕುತ್ತಾರೆ. ಬಿಡಿಡಿ ಚಾಳುಗಳ ಜಾಗದಲ್ಲಿ ಈಗ ಗೋಪುರಗಳು ಏಳುತ್ತಿವೆ. ನಿಮ್ಮ ಚಾಳು ಇನ್ನೂ ನಿಂತಿದ್ದರೆ ಈ ಬೇಸಿಗೆಯಲ್ಲೇ ಅಳೆದುಬಿಡಿ. ಮುಂದಿನ ಬೇಸಿಗೆಗೆ ಅದು ಇರುತ್ತದೆಂಬ ಭರವಸೆ ಈ ಊರಿನಲ್ಲಿಲ್ಲ.

ಊರಿನ ಮನೆ ಎಂಬ ಪಾಠಶಾಲೆ

ಮೇ ತಿಂಗಳಲ್ಲಿ ಊರಿಗೆ ಹೋದರೆ ಕೋರ್ಸು ತಪ್ಪಿಹೋಗುತ್ತದೆಂದು ರೈಲಿನ ಟಿಕೆಟ್ ರದ್ದು ಮಾಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೇಪು ಮತ್ತು ಚಿತ್ರದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋಗಿ.

ಉಡುಪಿ, ಮಂಗಳೂರು ಕಡೆಯ ಹಂಚಿನ ಮನೆಯೊಂದರ ಸೆಕ್ಷನ್ ಬರೆಯುವುದೆಂದರೆ ಒಂದು ಪೂರ್ತಿ ಪಾಠ. ಗೋಡೆಯ ಮೇಲೆ ಅಡ್ಡ ತೊಲೆ, ತೊಲೆಗಳಿಂದ ಇಳಿಯುವ ಪಕಾಸು, ಪಕಾಸಿನ ಮೇಲೆ ಅಡ್ಡಡ್ಡ ರೀಪು, ರೀಪಿಗೆ ಕಚ್ಚಿ ಕೂರುವ ಹಂಚು. ಈ ಹಂಚನ್ನು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆಯಲ್ಲಿ ಮಾಡಲು ಶುರು ಮಾಡಿದರು. ಅಲ್ಲಿಂದ ಹಡಗು ಹತ್ತಿ ದೇಶದೇಶಗಳಿಗೆ ಹೋಯಿತು. ಮಾಡಿನ ಇಳಿಜಾರು ಎಷ್ಟು ಡಿಗ್ರಿ ಎಂದು ಕೋನಮಾಪಕ ಹಿಡಿದು ನೋಡಿ. ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ ಎಂದು ಅಳೆಯಿರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನೆಲದಲ್ಲಿ ಆ ಚಾಚು ಒಂದಡಿ ಕಡಿಮೆಯಾಗಿದ್ದರೆ ಗೋಡೆಗೆ ಏನಾಗುತ್ತಿತ್ತು ಎಂದು ಅಜ್ಜನನ್ನೋ ಊರಿನ ಬಡಗಿಯನ್ನೋ ಕೇಳಿ. ಮುಂಬಯಿಯಲ್ಲೂ ಎರಡು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬರುತ್ತದೆ. ಆದರೂ ಇಲ್ಲಿಯ ಎಷ್ಟೋ ಹೊಸ ಕಟ್ಟಡಗಳ ಕಿಟಕಿಗೆ ಅಂಗೈ ಅಗಲದ ಸಜ್ಜಾ ಕೂಡ ಇರುವುದಿಲ್ಲ. ಎರಡು ಸೆಕ್ಷನ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಜುಲೈ ಬಂತೆಂದರೆ ನಮ್ಮ ಫ್ಲ್ಯಾಟಿನ ಗೋಡೆಯಲ್ಲಿ ತೇವ ಏಕೆ ಇಳಿಯುತ್ತದೆಂದು ಮಗುವೇ ಹೇಳುತ್ತದೆ.

ಘಟ್ಟದ ಮೇಲಿನವರಿಗೆ, ಉತ್ತರ ಕರ್ನಾಟಕದವರಿಗೆ ಪಾಠ ಬೇರೆ. ಕಲ್ಲಿನ ಗೋಡೆ ಎರಡಡಿ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಬೆಳಕಿಂಡಿ. ಮಧ್ಯಾಹ್ನದ ಎರಡು ಗಂಟೆಗೆ ಒಳಗೆ ಎಷ್ಟು ತಂಪು, ಹೊರಗೆ ಎಷ್ಟು ಬಿಸಿ? ಒಂದು ಸಾಮಾನ್ಯ ಥರ್ಮಾಮೀಟರಿನಿಂದ ಬೆಳಿಗ್ಗೆಯಿಂದ ರಾತ್ರಿಯ ತನಕ ಗಂಟೆಗೊಮ್ಮೆ ಬರೆದಿಟ್ಟರೆ ದಪ್ಪ ಗೋಡೆ ಬಿಸಿಯನ್ನು ತಡೆದು, ತಡಮಾಡಿ, ರಾತ್ರಿ ಒಳಗೆ ಬಿಡುವುದು ಗ್ರಾಫಿನಲ್ಲೇ ಕಾಣುತ್ತದೆ. ಜನ ಅಂಗಳದಲ್ಲಿ, ಮಾಳಿಗೆಯ ಮೇಲೆ ಮಲಗುತ್ತಿದ್ದದ್ದು ಏಕೆಂಬುದೂ ಆಗ ತಿಳಿಯುತ್ತದೆ.

ಸೂರ್ಯನ ಕಡೆಗೂ ಸ್ವಲ್ಪ ನೋಡೋಣ. ಕರಾವಳಿ ಕರ್ನಾಟಕದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ, ಮುಂಬಯಿಯಲ್ಲಿ ಮೇ ತಿಂಗಳ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ಆ ಕ್ಷಣ ನೆರಳೇ ಇರುವುದಿಲ್ಲ. ಅಲ್ಲಿಂದ ಮುಂಬಯಿಯಲ್ಲಿ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಪುಸ್ತಕ ಓದಿ ನಂಬಿದವರು ಮೇ ಕೊನೆಯಲ್ಲಿ ನೋಡಬೇಕು. ಕಿಟಕಿಯಿಂದ ನೆಲದ ಮೇಲೆ ಬೀಳುವ ಬಿಸಿಲಿನ ಅಂಚಿಗೆ ಗಂಟೆಗೊಮ್ಮೆ ಸೀಮೆಸುಣ್ಣದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಸಂಜೆಯ ಹೊತ್ತಿಗೆ ಆ ಕೋಣೆಯ ಬಿಸಿಲಿನ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಮಂಚ ಎಲ್ಲಿಡಬೇಕು, ಓದುವ ಮೇಜು ಎಲ್ಲಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇರಿಲ್ಲ.

ಹೋಟೆಲ್ ನಡೆಸುವ ಮನೆಯ ಮಕ್ಕಳಿಗೆ ಮೂರನೆಯ ಜಾಗವೂ ಇದೆ. ಮಾಟುಂಗಾದಿಂದ ಮೀರಾ ರೋಡಿನ ತನಕ ಹಬ್ಬಿರುವ ನಮ್ಮವರ ಹೋಟೆಲುಗಳು ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುವ ವಿದ್ಯೆಯನ್ನು ಮೂರು ತಲೆಮಾರುಗಳಿಂದ ತಿದ್ದುತ್ತ ಬಂದಿವೆ. ಅಪ್ಪನ ಅಥವಾ ದೊಡ್ಡಪ್ಪನ ಹೋಟೆಲಿನ ಪ್ಲಾನ್ ಬರೆಯಿರಿ. ಗಲ್ಲಾ, ದೋಸೆ ಕಾವಲಿ, ಚಹಾದ ಜಾಗ, ಪಾತ್ರೆ ತೊಳೆಯುವ ತೊಟ್ಟಿ, ಪಾರ್ಸೆಲ್ ಕಿಟಕಿ, ಟೇಬಲ್ಲುಗಳ ನಡುವಿನ ಅಂತರ. ಆಮೇಲೆ ಟ್ರೇಸಿಂಗ್ ಪೇಪರನ್ನು ಪ್ಲಾನಿನ ಮೇಲೆ ಹಾಸಿ, ಬೆಳಗಿನ ಜನಜಂಗುಳಿಯ ಅರ್ಧ ಗಂಟೆ ಒಬ್ಬ ಮಾಣಿ ನಡೆದ ದಾರಿಯನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ, ಖಾಲಿ ತಟ್ಟೆಗಳು ಹೋದ ದಾರಿಯನ್ನು ನೀಲಿಯಲ್ಲಿ ಎಳೆಯಿರಿ. ಗೆರೆಗಳು ಎಲ್ಲಿ ಗೋಜಲಾಗಿವೆಯೋ ಅಲ್ಲಿ ಜನ ಡಿಕ್ಕಿ ಹೊಡೆಯುತ್ತಾರೆ, ಸಾಂಬಾರು ಚೆಲ್ಲುತ್ತದೆ. ಒಂದು ಟೇಬಲ್ ಸರಿಸಿದರೆ, ಪಾತ್ರೆ ತೊಳೆಯುವ ಜಾಗದ ಬಾಗಿಲು ಬೇರೆ ಕಡೆ ತೆರೆದರೆ ಏನಾಗಬಹುದು ಎಂದು ಮೂರು ಬಗೆಯಲ್ಲಿ ಬರೆದು ತೋರಿಸಿ. ಡಿಸೈನ್ ಕಾಲೇಜುಗಳಲ್ಲಿ ಮಾಡಿಸುವ ಕೆಲಸದ ಬಗೆಯೇ ಇದು. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಇಂಥದೊಂದು ಇದ್ದರೆ, ಇಂಟರ್ನೆಟ್ಟಿನಿಂದ ನಕಲು ಮಾಡಿದ ಹತ್ತು ಭಾವಚಿತ್ರಗಳಿಗಿಂತ ಅದರ ತೂಕ ಹೆಚ್ಚು.

ಊರು ತಿರುಗುವುದು

ಕಟ್ಟಡ ನೋಡಲು ಬೆಳಿಗ್ಗೆ ಆರೂವರೆಗೆ ಮನೆ ಬಿಡಿ. ಮೇ ತಿಂಗಳ ಸೆಕೆಯಲ್ಲಿ ಒಂಬತ್ತೂವರೆಯ ಮೇಲೆ ಕೈಯ ಬೆವರಿಗೆ ಕಾಗದ ಅಂಟುತ್ತದೆ. ಒಂದು ದಿನಕ್ಕೆ ಎರಡು ಕಟ್ಟಡ ಸಾಕು, ಒಂದೊಂದರ ಮುಂದೆ ಒಂದು ಗಂಟೆ ಕುಳಿತು ಬರೆಯಿರಿ. ಮೊಬೈಲಿನಲ್ಲಿ ಫೋಟೊ ಹೊಡೆದು ಮನೆಯಲ್ಲಿ ಬರೆಯುವುದು ಬೇಡ. ಕಣ್ಣು ಆರಿಸಿ ನೋಡುತ್ತದೆ, ಕ್ಯಾಮೆರಾ ಆರಿಸುವುದಿಲ್ಲ.

ಶುರುವಿಗೆ ಸಿಎಸ್‌ಎಂಟಿ. ಎಫ್.ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಒಂದಿದೆ. ಅದರ ಕಲ್ಲಿನ ಎಲೆ, ಹಕ್ಕಿ, ಪ್ರಾಣಿಗಳ ಕೆತ್ತನೆಯಲ್ಲಿ ಹತ್ತಿರದ ಸರ್ ಜೆ.ಜೆ. ಕಲಾ ಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಆ ಶಾಲೆ ಶುರುವಾದದ್ದು 1857ರಲ್ಲಿ. ಅಲ್ಲಿ 1896ರಲ್ಲಿ ನಕ್ಷೆಗಾರರಿಗಾಗಿ ಆರಂಭವಾದ ತರಗತಿಯೇ ಬೆಳೆದು ಜೆ.ಜೆ. ಆರ್ಕಿಟೆಕ್ಚರ್ ಕಾಲೇಜಾಯಿತು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಈ ಜೆ.ಜೆ.ಯಲ್ಲೇ ಚಿತ್ರಕಲೆ ಕಲಿತು, ಅಲ್ಲಿಯೇ ಪಾಠವನ್ನೂ ಮಾಡಿದರು. ಬೆಂಗಳೂರಿನ ಐಐಎಂ ಕಟ್ಟಡವನ್ನು ರೂಪಿಸಿದ ಬಿ.ವಿ. ದೋಶಿಯವರೂ ಜೆ.ಜೆ.ಯ ವಿದ್ಯಾರ್ಥಿ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಹೆಣ್ಣುಮಕ್ಕಳಿಗೆ ಇದೇನು ಓದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಪೆರಿನ್ ಜಮ್ಶೆಟ್ಜಿ ಮಿಸ್ತ್ರಿಯವರ ಹೆಸರು ಹೇಳಿ. ಭಾರತದ ಮೊದಲ ಮಹಿಳಾ ಆರ್ಕಿಟೆಕ್ಟ್ ಎಂದು ಗುರುತಿಸುವ ಅವರು 1930ರ ದಶಕದಲ್ಲೇ ಜೆ.ಜೆ.ಯಿಂದ ಡಿಪ್ಲೊಮಾ ಪಡೆದವರು.

ನಿಲ್ದಾಣದ ಪಕ್ಕದಲ್ಲೇ ಜಿಪಿಒ. ಜಾನ್ ಬೆಗ್ ರೂಪಿಸಿ 1913ರಲ್ಲಿ ಮುಗಿದ ಈ ಅಂಚೆ ಕಚೇರಿಗೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಅಂಚೆ ಚೀಟಿ ಕೊಳ್ಳುವ ನೆಪದಲ್ಲಿ ಯಾರು ಬೇಕಾದರೂ ಒಳಗೆ ಹೋಗಿ ನಡುವಿನ ಸಭಾಂಗಣದಲ್ಲಿ ನಿಂತು ತಲೆಯೆತ್ತಿ ನೋಡಬಹುದು. ಇಲ್ಲಿಯ ಗುಮ್ಮಟದ ವ್ಯಾಸ ಸುಮಾರು 65 ಅಡಿ. ವಿಜಯಪುರದ್ದು ಹೊರಗಿನಿಂದ ಸುಮಾರು 44 ಮೀಟರ್, ಅಂದರೆ ಎರಡು ಪಟ್ಟಿಗೂ ಹೆಚ್ಚು, ಅದೂ 1656ರಷ್ಟು ಹಿಂದಿನದು. ಎರಡನ್ನೂ ಒಂದೇ ಸ್ಕೇಲಿನಲ್ಲಿ ಒಂದೇ ಹಾಳೆಯ ಮೇಲೆ ಬರೆದು ನೋಡಿ. ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂರುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ ಹುಡುಕುತ್ತ ವಿಜಯಪುರಕ್ಕೆ ಹೋಗಬೇಕೆನಿಸಿದರೆ ಬೇಸಿಗೆಯ ಓದು ಸರಿಯಾದ ದಾರಿಯಲ್ಲಿದೆ.

ಇನ್ನೊಂದು ಬೆಳಿಗ್ಗೆ ಓವಲ್ ಮೈದಾನಕ್ಕೆ. ಪೂರ್ವಕ್ಕೆ ರಾಜಾಬಾಯಿ ಗಡಿಯಾರ ಗೋಪುರ, ಹೈಕೋರ್ಟು, ಹತ್ತೊಂಬತ್ತನೆಯ ಶತಮಾನದ ಗೋಥಿಕ್ ಸಾಲು. ಪಶ್ಚಿಮಕ್ಕೆ 1930-40ರ ದಶಕದ ಆರ್ಟ್ ಡೆಕೊ ವಸತಿ ಕಟ್ಟಡಗಳು. ಎರಡು ಕಾಲ ಒಂದು ಮೈದಾನದ ಆಚೆ ಈಚೆ ಎದುರುಬದುರಾಗಿ ನಿಂತಿರುವ ಈ ಪ್ರದೇಶ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆರ್ಟ್ ಡೆಕೊ ಕಡೆ ಕಿಟಕಿಗಳ ಮೇಲೆ ಕಣ್ಣುಹುಬ್ಬಿನಂತೆ ಓಡುವ ಸಜ್ಜಾಗಳನ್ನು ಗಮನಿಸಿ. ಅವು ಅಂದಕ್ಕೆ ಮಾತ್ರ ಇದ್ದವಲ್ಲ, ಮಳೆಗೆ ಬಿಸಿಲಿಗೆ ಅಡ್ಡ.

ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಎರಡು ಕೆಲಸಗಳನ್ನು ಒಂದಾದ ಮೇಲೊಂದು ನೋಡುವುದು ಒಳ್ಳೆಯದು. ಕಂಬಾಲಾ ಹಿಲ್ಲಿನ ಕಾಂಚನಜುಂಗಾ ಖಾಸಗಿ ವಸತಿ, ರಸ್ತೆಯಿಂದಷ್ಟೇ ನೋಡಬೇಕು. ಸುಮಾರು 84 ಮೀಟರ್ ಎತ್ತರದ ಆ ಗೋಪುರದ ಮೂಲೆಗಳಲ್ಲಿ ಎರಡು ಮಹಡಿಯಷ್ಟು ಎತ್ತರದ ತೆರೆದ ಜಾಗಗಳಿವೆ. ಮುಂಬಯಿಯಲ್ಲಿ ಸಮುದ್ರದ ಗಾಳಿ ಬೇಕಾದರೆ ಪಶ್ಚಿಮಕ್ಕೆ ತೆರೆಯಬೇಕು. ತೆರೆದರೆ ಸಂಜೆಯ ಬಿಸಿಲು, ಮುಂಗಾರಿನ ಎರಚಲು ಎರಡೂ ಒಳಗೆ. ಹಳೆಯ ಬಂಗಲೆಗಳು ಇದಕ್ಕೆ ಸುತ್ತ ಜಗಲಿ ಕಟ್ಟಿಕೊಂಡಿದ್ದವು. ಕೊರಿಯಾ ಅದೇ ಜಗಲಿಯನ್ನು ಆಕಾಶಕ್ಕೆ ಎತ್ತಿದರು. ಊರಿನ ಮನೆಯ ಜಗಲಿಯನ್ನು ಅಳೆದು ಬಂದ ಮಗುವಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಎರಡನೆಯದು ಹಾರ್ಬರ್ ಲೈನಿನ ಸಿಬಿಡಿ ಬೇಲಾಪುರದಲ್ಲಿ ಇಳಿದು ಹೋಗಬೇಕಾದ ಆರ್ಟಿಸ್ಟ್ಸ್ ವಿಲೇಜ್, 1980ರ ದಶಕದ್ದು. ಏಳು ಮನೆ ಸೇರಿ ಸುಮಾರು 8 x 8 ಮೀಟರಿನ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ 21 ಮನೆಗೆ ಇನ್ನೂ ದೊಡ್ಡದೊಂದು ಅಂಗಳ. ಪಕ್ಕದ ಮನೆಯ ಜೊತೆ ಗೋಡೆ ಹಂಚಿಕೊಳ್ಳದಂತೆ ಇಟ್ಟದ್ದರಿಂದ ಒಬ್ಬೊಬ್ಬರೂ ಕೈಲಾದಾಗ ಮನೆ ಬೆಳೆಸಿಕೊಳ್ಳಬಹುದಿತ್ತು. ಈಗ ಬಹಳಷ್ಟು ಮನೆಗಳು ಗುರುತು ಸಿಗದಷ್ಟು ಬದಲಾಗಿವೆ, ಕೆಲವು ಪೂರ್ತಿ ಒಡೆದು ಹೊಸದಾಗಿವೆ. ಅಂಗಳಗಳು ಬಹುಮಟ್ಟಿಗೆ ಉಳಿದಿವೆ. ನಲವತ್ತು ವರ್ಷದಲ್ಲಿ ಏನು ಅಳಿಯಿತು, ಏನು ಉಳಿಯಿತು ಎಂದು ಅಲ್ಲಿಯೇ ಕೂತು ಬರೆಯಬಹುದು. ಜನ ವಾಸಿಸುವ ಜಾಗ, ಕೇಳಿಯೇ ಬರೆಯಿರಿ. ಕೇಳಿದರೆ ಬಹುತೇಕರು ಸಂತೋಷದಿಂದ ಮಾತಾಡಿಸುತ್ತಾರೆ.

ಉಪನಗರದವರು ಫೋರ್ಟಿನ ತನಕ ಹೋಗಲೇಬೇಕೆಂದಿಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಇದೆ. ಕರಿಗಲ್ಲಿನ ಗುಡ್ಡವನ್ನು ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಹೆಸರಿದೆ. ನೃಪತುಂಗನೆಂದು ನಾವು ಶಾಲೆಯಲ್ಲಿ ಓದುವ ಅವನೇ. ಆರ್ಕಿಟೆಕ್ಚರ್ ಕಲಿಯುವವರು ಅಲ್ಲಿ ನೋಡಬೇಕಾದ್ದು ನೀರು. ಬಂಡೆಯ ಮೇಲೆ ಕೊರೆದ ಸಣ್ಣ ಕಾಲುವೆಗಳು ಮಳೆನೀರನ್ನು ಒಂದೊಂದು ಗುಹೆಯ ಪಕ್ಕದ ತೊಟ್ಟಿಗೆ ತರುತ್ತವೆ. ಮೇ ತಿಂಗಳಲ್ಲಿ ಈ ಜಾಲವನ್ನು ಗೆರೆಯಲ್ಲಿ ಬರೆದುಕೊಂಡು, ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಹೋಗಿ ನೀರು ನಿಜವಾಗಿ ಹಾಗೆಯೇ ಹರಿಯುತ್ತದೆಯೇ ನೋಡಿ. ದೊಡ್ಡವರೊಬ್ಬರು ಜೊತೆಗಿರಲಿ, ಒದ್ದೆ ಬಂಡೆ ಜಾರುತ್ತದೆ. ಸೋಮವಾರ ರಜೆ.

ಅಕ್ಷರವೂ ಡಿಸೈನೇ

ಡಿಸೈನ್ ಎಂದರೆ ಬಟ್ಟೆ ಅಥವಾ ಮನೆಯ ಅಲಂಕಾರ ಎಂದು ತಿಳಿದಿರುವವರು ಪವಾಯಿಯ ಐಐಟಿ ಆವರಣದಲ್ಲಿ 1969ರಲ್ಲಿ ಶುರುವಾದ ಐಡಿಸಿ ಎಂಬ ಡಿಸೈನ್ ಶಾಲೆಯ ಕಡೆ ನೋಡಬೇಕು. ಅಲ್ಲಿ ಪಾಠ ಮಾಡಿದವರಲ್ಲಿ ಒಬ್ಬರು ಆರ್.ಕೆ. ಜೋಶಿ. ವಿಂಡೋಸ್ ಕಂಪ್ಯೂಟರಿನಲ್ಲಿ ನಾವು ವರ್ಷಗಟ್ಟಲೆ ಓದಿದ, ಬರೆದ ಕನ್ನಡ ಫಾಂಟ್ ‘ತುಂಗಾ’ ಅವರದು, ಮುಂಬಯಿಯಲ್ಲೇ ರೂಪುಗೊಂಡದ್ದು. 2010ರಲ್ಲಿ ಬಂದ ರೂಪಾಯಿ ಚಿಹ್ನೆಯನ್ನು ಬರೆದ ಉದಯ ಕುಮಾರ್ ಕೂಡ ಐಡಿಸಿಯ ಸಂಶೋಧನಾ ವಿದ್ಯಾರ್ಥಿಯಾಗಿದ್ದವರು. ಮಕ್ಕಳು ಈ ಬೇಸಿಗೆಯಲ್ಲಿ ಮಾಡಬಹುದಾದ ಕೆಲಸ ಇಷ್ಟು: ಮಾಹಿಮದ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್, ನಿಮ್ಮ ಹತ್ತಿರದ ಸಂಘದ ಬೋರ್ಡು, ಹಳೆಯ ಹೋಟೆಲುಗಳ ಹೆಸರುಹಲಗೆ ಇವುಗಳಲ್ಲಿ ಕಾಣುವ ಕನ್ನಡ ಅಕ್ಷರಗಳನ್ನು ಕಂಡಂತೆಯೇ ದೊಡ್ಡದಾಗಿ ಬರೆಯಿರಿ. ತಲೆಕಟ್ಟು ಎಲ್ಲಿ ಬಾಗಿದೆ, ಒತ್ತಕ್ಷರಕ್ಕೆ ಜಾಗ ಹೇಗೆ ಮಾಡಿದ್ದಾರೆ ನೋಡಿ. ಆಮೇಲೆ ನಿಮ್ಮ ಸಂಘದ ಮುಂದಿನ ಕಾರ್ಯಕ್ರಮಕ್ಕೆ ಒಂದು ಪೋಸ್ಟರ್ ಮಾಡಿಕೊಡಿ. ಅಚ್ಚಾಗಿ ಗೋಡೆಗೆ ಅಂಟಿದ ಪೋಸ್ಟರನ್ನು ಹತ್ತು ಹೆಜ್ಜೆ ದೂರದಿಂದ ಅಜ್ಜಂದಿರು ಓದಬಲ್ಲರೇ ಎಂದು ಪರೀಕ್ಷಿಸುವುದೂ ಕೆಲಸದ ಭಾಗವೇ.

ಹಣ ಕೊಟ್ಟು ಸೇರುವ ಕೋರ್ಸು

ಮುಂಬಯಿಯಲ್ಲಿ ಸಿಗುವಂಥವು ಮುಖ್ಯವಾಗಿ ಮೂರು ಬಗೆ. ಕಾಲೇಜುಗಳು ಅಥವಾ ಅಲ್ಲಿಯ ಅಧ್ಯಾಪಕರು ನಡೆಸುವ ಕೆಲವು ದಿನಗಳ ಕಾರ್ಯಾಗಾರ ಮೊದಲನೆಯದು. ಭಾವುದಾಜಿ ಲಾಡ್ ಮ್ಯೂಸಿಯಂ, ಸಿಎಸ್‌ಎಂವಿಎಸ್‌ನಂಥ ವಸ್ತುಸಂಗ್ರಹಾಲಯಗಳು ಮಕ್ಕಳಿಗೆ ಏರ್ಪಡಿಸುವ ಕಲಿಕೆ ಎರಡನೆಯದು. ಪ್ರವೇಶ ಪರೀಕ್ಷೆಯ ಕೋಚಿಂಗ್ ಮೂರನೆಯದು. ಮೊದಲ ಎರಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಮಾರ್ಚ್ ಕೊನೆಯಿಂದಲೇ ವಿಚಾರಿಸಬೇಕು. ಮನೆಗೆ ಹತ್ತಿರದ ಆರ್ಕಿಟೆಕ್ಚರ್ ಕಾಲೇಜಿನಿಂದ ಶುರು ಮಾಡಿ. ಪ್ರಭಾದೇವಿಯಲ್ಲಿ ರಚನಾ ಸಂಸದ್, ಬಾಂದ್ರಾದಲ್ಲಿ ಎಲ್.ಎಸ್. ರಹೇಜಾ ಮತ್ತು ರಿಜ್ವಿ, ಜುಹೂವಿನಲ್ಲಿ ಕಮಲಾ ರಹೇಜಾ ವಿದ್ಯಾನಿಧಿ, ಕಾಂದಿವಲಿಯಲ್ಲಿ ಠಾಕೂರ್, ಬೋರಿವಲಿಯಲ್ಲಿ ಸ್ಕೂಲ್ ಆಫ್ ಎನ್ವಿರಾನ್‌ಮೆಂಟ್ ಆ್ಯಂಡ್ ಆರ್ಕಿಟೆಕ್ಚರ್, ನವ ಪನವೇಲಿನಲ್ಲಿ ಪಿಳ್ಳೈ. ಕೋರ್ಸು ಇಲ್ಲದಿದ್ದರೂ ವರ್ಷದ ಕೊನೆಗೆ ವಿದ್ಯಾರ್ಥಿಗಳ ಕೆಲಸದ ಪ್ರದರ್ಶನ ಇದ್ದರೆ ಖಂಡಿತ ಹೋಗಿ. ಅಲ್ಲಿಯ ಮಾಡೆಲ್ಲುಗಳ ನಡುವೆ ಒಂದು ಸಂಜೆ ಕಳೆದು ಒಬ್ಬ ವಿದ್ಯಾರ್ಥಿಯನ್ನು ಮಾತಾಡಿಸಿದರೆ ಓದಿನ ಸ್ವರೂಪ ತಿಳಿಯುತ್ತದೆ, ನಿದ್ದೆಗೆಟ್ಟ ರಾತ್ರಿಗಳ ಲೆಕ್ಕವೂ ಸಿಗುತ್ತದೆ.

ಫೀಸು ಕಟ್ಟುವ ಮುನ್ನ ಕೇಳಿ: ಕಲಿಸುವವರು ಯಾರು, ಅವರು ಪೂರ್ತಿ ಹೊತ್ತು ಇರುತ್ತಾರೆಯೇ ಅಥವಾ ಉದ್ಘಾಟನೆಗೆ ಮಾತ್ರವೇ? ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು? ಹದಿನೈದು ದಾಟಿದರೆ ಒಬ್ಬೊಬ್ಬರ ಗೆರೆ ತಿದ್ದಲು ಸಮಯ ಸಿಗುವುದಿಲ್ಲ. ಹೊರಗೆ ಕಟ್ಟಡ ನೋಡಲು ಕರೆದೊಯ್ಯುತ್ತಾರೆಯೇ? ಕೊನೆಯ ದಿನ ಮಕ್ಕಳು ತಮ್ಮ ಕೆಲಸವನ್ನು ಗೋಡೆಗೆ ಅಂಟಿಸಿ, ಹೊರಗಿನವರೊಬ್ಬರ ಪ್ರಶ್ನೆಗೆ ಉತ್ತರಿಸುವ ಜ್ಯೂರಿ ಇದೆಯೇ? ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ‘ಏಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಗೆ ನಿಂತು ಉತ್ತರ ಕೊಡುವುದೇ ಈ ಓದಿನ ನಡುಗಂಬ. ಸರ್ಟಿಫಿಕೇಟಿಗಾಗಿ ಸೇರಬೇಡಿ. ಸರ್ಕಾರದ ಪ್ರವೇಶ ಪ್ರಕ್ರಿಯೆಯಲ್ಲಿ ಬೇಸಿಗೆ ಕೋರ್ಸಿನ ಸರ್ಟಿಫಿಕೇಟಿಗೆ ಅಂಕವಿಲ್ಲ. ಮಾಡಿದ ಕೆಲಸ ಖಾಸಗಿ ಮತ್ತು ವಿದೇಶದ ಕಾಲೇಜುಗಳು ಕೇಳುವ ಪೋರ್ಟ್‌ಫೋಲಿಯೊಗೆ ಒದಗುತ್ತದೆ.

ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನಿನಂಥ ಕಡೆ ಹೈಸ್ಕೂಲು ಮಕ್ಕಳಿಗೆ ಕೆಲವು ವಾರಗಳ ಬೇಸಿಗೆ ಓದು ಬಹಳ ಕಾಲದಿಂದ ಇದೆ, ಒಳ್ಳೆಯ ಹೆಸರೂ ಇದೆ. ಖರ್ಚು ಸಾವಿರಾರು ಡಾಲರ್. ಅಲ್ಲಿಯೇ ಪದವಿ ಓದುವ ನಿರ್ಧಾರ ಮನೆಯಲ್ಲಿ ಗಟ್ಟಿಯಾಗಿದ್ದರೆ ಯೋಚಿಸಬಹುದು, ಅನುಭವಕ್ಕಾಗಿ ಮಾತ್ರವಾದರೆ ಸಾಲ ಮಾಡಿ ಕಳಿಸಬೇಕಾದ್ದಲ್ಲ.

ಮುಂದಿನ ದಾರಿ

ಹತ್ತನೆಯ ನಂತರ ವಿಷಯ ಆರಿಸುವಾಗಲೇ ಎಚ್ಚರ ಬೇಕು. ಬಿ.ಆರ್ಕ್ ಐದು ವರ್ಷದ ಪದವಿ, ಅದಕ್ಕೆ ಹನ್ನೊಂದು-ಹನ್ನೆರಡರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಲೇಬೇಕು. ಗಣಿತವಿರುವ ಮೂರು ವರ್ಷದ ಡಿಪ್ಲೊಮಾದಿಂದಲೂ ದಾರಿಯಿದೆ. ಇದನ್ನು ತಿಳಿಯದೆ ಕಾಮರ್ಸ್ ಸೇರಿ ಆಮೇಲೆ ಪರಿತಪಿಸುವವರನ್ನು ಪ್ರತಿ ವರ್ಷ ಕಾಣುತ್ತೇವೆ. ಪ್ರವೇಶಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಅಥವಾ ಜೆಇಇ ಮೇನ್‌ನ ಎರಡನೆಯ ಪೇಪರ್ ಬರೆಯಬೇಕು. ನಾಟಾದ ಒಂದು ಭಾಗ ಕೈಯಲ್ಲೇ ಚಿತ್ರ ಬರೆಯುವ ಪರೀಕ್ಷೆ. ಕಾಲೇಜಿಗೆ ಕೌನ್ಸಿಲ್ಲಿನ ಮನ್ನಣೆ ಇದೆಯೇ ಎಂದು ಅದರ ಪಟ್ಟಿಯಲ್ಲೇ ನೋಡಿ, ಬ್ರೋಷರನ್ನು ನಂಬಬೇಡಿ. 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಪ್ರಕಾರ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಇಂಟೀರಿಯರ್ ಡಿಪ್ಲೊಮಾ ಮಾಡಿದವರಿಗೆ ಆ ಹಕ್ಕಿಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಓದಿಸುವ ಆಲೋಚನೆಯಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳನ್ನು ಹನ್ನೊಂದನೆಯಲ್ಲೇ ಓದಿಕೊಳ್ಳಿ. ಹೊರರಾಜ್ಯದಲ್ಲಿ ಓದಿದವರಿಗೆ ಅಲ್ಲಿ ಬೇರೆ ಷರತ್ತುಗಳಿವೆ.

ಡಿಸೈನ್ ಪದವಿಗೆ ಈ ಬಿಗಿಯಿಲ್ಲ. ಐಐಟಿಗಳ ಯೂಸೀಡ್, ಎನ್‌ಐಡಿ, ಖಾರ್ಘರಿನಲ್ಲೂ ಕೇಂದ್ರವಿರುವ ನಿಫ್ಟ್, ಇವುಗಳ ಪರೀಕ್ಷೆಯನ್ನು ಯಾವ ವಿಷಯ ಓದಿದವರೂ ಬರೆಯಬಹುದು.

ಇನ್ನೂ ಎಂಟು-ಒಂಬತ್ತರಲ್ಲಿರುವ ಮಕ್ಕಳು ಮಹಾರಾಷ್ಟ್ರ ಕಲಾ ನಿರ್ದೇಶನಾಲಯದ ಎಲಿಮೆಂಟರಿ, ಇಂಟರ್ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂರಲಿ. ವಸ್ತುಚಿತ್ರ, ನೆನಪಿನ ಚಿತ್ರ, ಡಿಸೈನ್, ರೇಖಾಗಣಿತ, ಅಕ್ಷರ ಬರವಣಿಗೆ ಇರುವ ಈ ಪರೀಕ್ಷೆಯ ಪಠ್ಯ ಮುಂದೆ ಬೇಕಾಗುವ ಕೈಪಳಗಿಕೆಗೆ ಸರಿಯಾಗಿ ಹೊಂದುತ್ತದೆ; ರಾಜ್ಯ ಮಂಡಳಿಯ ಹತ್ತನೆಯ ಪರೀಕ್ಷೆಯಲ್ಲಿ ಇಂಟರ್ಮೀಡಿಯೆಟ್ ಗ್ರೇಡಿಗೆ ಹೆಚ್ಚುವರಿ ಅಂಕವೂ ಸಿಗುತ್ತದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆದ್ದರಿಂದ ಜೂನಿನಲ್ಲಿ ಶಾಲೆ ತೆರೆದ ಮೊದಲ ವಾರವೇ ಡ್ರಾಯಿಂಗ್ ಟೀಚರನ್ನು ಕಂಡು ಹೆಸರು ಬರೆಸಿ. ಹನ್ನೆರಡನೆಯಲ್ಲಿರುವವರಿಗೆ ಯೂಸೀಡ್ ಜನವರಿಯಲ್ಲಿ; ಅರ್ಜಿ ಹಾಕುವ ಕಾಲ ಅಕ್ಟೋಬರಿನಿಂದ, ದೀಪಾವಳಿಯ ಗಡಿಬಿಡಿಯಲ್ಲಿ ಕೊನೆಯ ದಿನಾಂಕ ದಾಟಿಹೋಗದಿರಲಿ.